ಮೊಟ್ಟೆ ಬೇಯಿಸುವುದು, ಅಂಟದಂತೆ ಸಿಪ್ಪೆ ಸುಲಿಯುವುದು: ಸಮಗ್ರ ಮಾರ್ಗದರ್ಶಿ

ಬೆಂದ ಮೊಟ್ಟೆಯ ಸಿಪ್ಪೆ ತೆಗೆಯುವಾಗ ಬಿಳಿ ಭಾಗವೂ ಕಿತ್ತು ಬಂದರೆ ನಾವು ನಮ್ಮ ಬೆರಳುಗಳನ್ನೇ ದೂರುತ್ತೇವೆ. ನಿಧಾನ ಸಾಲದು, ಉಗುರು ತಾಗಿತು ಅಂದುಕೊಳ್ಳುತ್ತೇವೆ. ಆದರೆ ಸಿಪ್ಪೆ ಸಲೀಸಾಗಿ ಬಿಡುತ್ತದೋ ಇಲ್ಲವೋ ಎನ್ನುವುದು ಸುಲಿಯಲು ಕೂರುವ ಹೊತ್ತಿಗೆ ಬಹುಪಾಲು ತೀರ್ಮಾನವಾಗಿಬಿಟ್ಟಿರುತ್ತದೆ. ಮೊಟ್ಟೆ ಎಷ್ಟು ದಿನದ್ದು, ಬೇಯಿಸುವಾಗ ಮೊದಲು ತಾಗಿದ್ದು ತಣ್ಣೀರೋ ಕುದಿನೀರೋ, ಈ ಎರಡೇ ಮುಖ್ಯ. ಇವೆರಡು ಸರಿಯಿದ್ದರೆ ಮಕ್ಕಳು ಕೂಡ ಚೆನ್ನಾಗಿ ಸುಲಿಯುತ್ತಾರೆ. ಇವೆರಡು ತಪ್ಪಿದರೆ ಉಪ್ಪು, ವಿನಿಗರ್, ಸೋಡಾ ಯಾವುದೂ ಹೆಚ್ಚು ಕೆಲಸಕ್ಕೆ ಬರುವುದಿಲ್ಲ.

ಅದಕ್ಕೇ ಕಾರಣದಿಂದಲೇ ಶುರು ಮಾಡೋಣ. ಕಾರಣ ಗೊತ್ತಾದರೆ ನಿಮ್ಮ ಒಲೆ, ನಿಮ್ಮ ಪಾತ್ರೆ, ನಿಮ್ಮ ಊರಿಗೆ ತಕ್ಕಂತೆ ನೀವೇ ಹೊಂದಿಸಿಕೊಳ್ಳಬಹುದು.

ಸಿಪ್ಪೆ ಯಾಕೆ ಅಂಟಿಕೊಳ್ಳುತ್ತದೆ?

ಮೊಟ್ಟೆಯ ಗಟ್ಟಿ ಸಿಪ್ಪೆ ಬಹುಮಟ್ಟಿಗೆ ಕ್ಯಾಲ್ಸಿಯಂ ಕಾರ್ಬೊನೇಟ್. ಅದರ ಒಳಮೈಗೆ ಎರಡು ತೆಳು ಪೊರೆಗಳು ಅಂಟಿಕೊಂಡಿರುತ್ತವೆ. ಮೊಟ್ಟೆಯ ದಪ್ಪ ತುದಿಯಲ್ಲಿ ಮಾತ್ರ ಈ ಎರಡು ಪೊರೆಗಳು ಬೇರೆಯಾಗಿ, ನಡುವೆ ಸ್ವಲ್ಪ ಗಾಳಿ ಇರುತ್ತದೆ. ಬೆಂದ ಮೊಟ್ಟೆಯ ಒಂದು ತುದಿ ಚಪ್ಪಟೆಯಾಗಿ, ಗುಳಿ ಬಿದ್ದಂತೆ ಇರುವುದನ್ನು ನೋಡಿರುತ್ತೀರಿ. ಅದು ಆ ಗಾಳಿಯ ಜಾಗ.

ಬಿಳಿ ಭಾಗ ಅಂಟಿಕೊಳ್ಳುವುದು ಸಿಪ್ಪೆಗಲ್ಲ, ಒಳಗಿನ ಪೊರೆಗೆ. ಕೋಳಿ ಇಟ್ಟ ಹೊಸದರಲ್ಲಿ ಮೊಟ್ಟೆಯ ಬಿಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಕರಗಿರುತ್ತದೆ. ಅದರಿಂದ ಬಿಳಿಯ ಪಿಎಚ್ (ಆಮ್ಲ, ಕ್ಷಾರದ ಅಳತೆ; ಕ್ಷಾರ ಹೆಚ್ಚಿದಷ್ಟೂ ಅಂಕೆ ಹೆಚ್ಚು) ಕಡಿಮೆ, ಸುಮಾರು 7.6ರಿಂದ 8ರ ಒಳಗೆ. ಸಿಪ್ಪೆಯಲ್ಲಿ ಕಣ್ಣಿಗೆ ಕಾಣದ ಸಾವಿರಾರು ರಂಧ್ರಗಳಿವೆ. ದಿನ ಕಳೆದಂತೆ ಆ ಅನಿಲ ರಂಧ್ರಗಳ ಮೂಲಕ ಹೊರಗೆ ಹೋಗುತ್ತದೆ, ಪಿಎಚ್ 9ರ ಮೇಲಕ್ಕೆ ಏರುತ್ತದೆ. ಪಿಎಚ್ ಕಡಿಮೆ ಇದ್ದಾಗ ಬೆಂದ ಬಿಳಿ ಪೊರೆಯನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಏರಿದಾಗ ಹಿಡಿತ ಸಡಿಲವಾಗುತ್ತದೆ. ಜೊತೆಗೆ ಒಳಗಿನ ನೀರಿನಂಶವೂ ಆರುತ್ತಾ ಗಾಳಿಯ ಜಾಗ ದೊಡ್ಡದಾಗುತ್ತದೆ. ಸುಲಿಯಲು ಬೆರಳು ತೂರಿಸುವ ಜಾಗ ಹೆಚ್ಚು ಸಿಗುತ್ತದೆ. ಆವತ್ತೇ ಇಟ್ಟ ಮೊಟ್ಟೆ ಸುಲಿಯಲು ಕಷ್ಟ, ವಾರದ ಮೊಟ್ಟೆ ಸುಲಭ ಎನ್ನುವುದರ ಕಾರಣ ಇಷ್ಟು.

ಎರಡನೆಯದು ಬಿಸಿ. ತಣ್ಣೀರಲ್ಲಿ ಮೊಟ್ಟೆ ಹಾಕಿ ಒಲೆ ಹಚ್ಚಿದರೆ ಬಿಳಿ ನಿಧಾನವಾಗಿ ಬಿಸಿಯಾಗುತ್ತದೆ. ಗಟ್ಟಿಯಾಗುವ ಮೊದಲು ಪೊರೆಯೊಂದಿಗೆ ಬೆಸೆದುಕೊಳ್ಳಲು ಅದಕ್ಕೆ ಬೇಕಾದಷ್ಟು ಸಮಯ ಸಿಗುತ್ತದೆ. ಕುದಿನೀರಿಗೆ ನೇರವಾಗಿ ಇಳಿಸಿದರೆ ಹೊರಪದರ ತಕ್ಷಣ ಗಟ್ಟಿಯಾಗಿ ಒಳಕ್ಕೆ ಕುಗ್ಗುತ್ತದೆ, ಪೊರೆಯಿಂದ ದೂರ ಸರಿಯುತ್ತದೆ. ನಮ್ಮ ಎಷ್ಟೋ ಮನೆಗಳಲ್ಲಿ ಮೊಟ್ಟೆಯನ್ನು ತಣ್ಣೀರಲ್ಲಿಟ್ಟು ಒಲೆ ಹಚ್ಚುವುದೇ ರೂಢಿ. ಈ ಲೇಖನದಿಂದ ಒಂದೇ ಒಂದು ವಿಷಯ ತೆಗೆದುಕೊಳ್ಳುವುದಾದರೆ, ಆ ರೂಢಿ ಬಿಡಿ. ಮೊದಲು ನೀರು ಕುದಿಯಲಿ, ಆಮೇಲೆ ಮೊಟ್ಟೆ.

ಯಾವ ಮೊಟ್ಟೆ ಬೇಯಿಸಲು ಒಳ್ಳೆಯದು?

ಅಂಗಡಿಯಲ್ಲಿ 30ರ ಟ್ರೇಯಲ್ಲಿ ಬರುವ ಫಾರಂ ಮೊಟ್ಟೆ ಹೊಸಪೇಟೆ ಕಡೆಯದಿರಲಿ, ತಮಿಳುನಾಡಿನ ನಾಮಕ್ಕಲ್‌ನದಿರಲಿ, ನಿಮ್ಮ ಕೈ ಸೇರುವಷ್ಟರಲ್ಲಿ ಸಾಮಾನ್ಯವಾಗಿ ಕೆಲವು ದಿನ ಕಳೆದಿರುತ್ತವೆ. ಮನೆಗೆ ತಂದು ಇನ್ನು ಮೂರ್ನಾಲ್ಕು ದಿನ ಬಿಟ್ಟು ಬೇಯಿಸಿದರೆ ಬಹಳ ಚೆನ್ನಾಗಿ ಸುಲಿಯುತ್ತದೆ. ಬಾಣಲೆಯಲ್ಲಿ ಒಡೆದು ಹಾಕುವ ಆಮ್ಲೆಟ್ಟಿಗೆ, ಹಾಫ್ ಬಾಯ್ಲ್‌ಗೆ ಹೊಸ ಮೊಟ್ಟೆ ಬಳಸಿ. ಬೇಯಿಸಲು ಹಳೆಯದನ್ನು ಇಟ್ಟುಕೊಳ್ಳಿ. ಹೊಸ ಟ್ರೇ ತಂದಾಗ ಹಳೆಯವನ್ನು ಮುಂದಕ್ಕೆ ಸರಿಸಿಟ್ಟುಕೊಳ್ಳುವ ಅಭ್ಯಾಸ ಇದ್ದರೆ ಇದು ತಾನಾಗಿಯೇ ನಡೆಯುತ್ತದೆ.

ನಾಟಿ ಕೋಳಿ ಮೊಟ್ಟೆಯ ವಿಷಯ ಬೇರೆ. ಉತ್ತರ ಕರ್ನಾಟಕದ ಕಡೆಯ ಜವಾರಿ ತತ್ತಿಯೂ ಅಷ್ಟೇ. ಊರಿಂದ ತಂದದ್ದು ಸಾಮಾನ್ಯವಾಗಿ ಎರಡು ಮೂರು ದಿನದ್ದು, ಕೆಲವೊಮ್ಮೆ ಬೆಳಿಗ್ಗೆ ಇಟ್ಟದ್ದೇ ಇರುತ್ತದೆ. "ನಾಟಿ ಮೊಟ್ಟೆ ಸಿಪ್ಪೆ ಬಿಡೋದೇ ಇಲ್ಲ" ಎಂದು ಜನ ಹೇಳುವುದು ಬಹಳ ಸಲ ಇದೇ ಕಾರಣಕ್ಕೆ. ದೋಷ ತಳಿಯದ್ದಲ್ಲ, ತಾಜಾತನದ್ದು. ಅವನ್ನು ನೆರಳಿನ ಜಾಗದಲ್ಲಿ ಎರಡು ಮೂರು ದಿನ ಹೊರಗೇ ಇಟ್ಟು ಬೇಯಿಸಿ ನೋಡಿ. ಫ್ರಿಜ್ಜಿನೊಳಗಿಗಿಂತ ಹೊರಗೆ ಅನಿಲ ಬೇಗ ಹೋಗುತ್ತದೆ. ಬಿರುಬೇಸಿಗೆಯಲ್ಲಿ ಮಾತ್ರ ಹೀಗೆ ಹೊರಗಿಡಬೇಡಿ, ಫ್ರಿಜ್ಜಿನಲ್ಲಿ ಒಂದು ವಾರ ಇಡಿ. ಅತಿಥಿಗಳು ಬಂದೇಬಿಟ್ಟಿದ್ದಾರೆ, ಕೈಯಲ್ಲಿ ಹೊಸ ಮೊಟ್ಟೆ ಬಿಟ್ಟರೆ ಬೇರೆ ಇಲ್ಲ ಎಂದಾದರೆ ಮುಂದೆ ಹೇಳುವ ಹಬೆಯ ವಿಧಾನ ಬಳಸಿ.

ಎಷ್ಟು ಹಳೆಯದು ಎಂದು ನೋಡಲು ನೀರಿನ ಪರೀಕ್ಷೆ ನಿಮಗೆ ಗೊತ್ತಿರಬಹುದು. ಪಾತ್ರೆಯ ತುಂಬ ತಣ್ಣೀರು ತೆಗೆದುಕೊಂಡು ಮೊಟ್ಟೆ ಬಿಡಿ. ತಳದಲ್ಲಿ ಅಡ್ಡ ಮಲಗಿದರೆ ಹೊಸದು. ದಪ್ಪ ತುದಿ ಸ್ವಲ್ಪ ಮೇಲೆದ್ದರೆ ಬೇಯಿಸಿ ಸುಲಿಯಲು ಹೇಳಿಮಾಡಿಸಿದ್ದು. ನೆಟ್ಟಗೆ ನಿಂತರೆ ಸಾಕಷ್ಟು ಹಳೆಯದು, ಬೇಗ ಮುಗಿಸಿ. ತೇಲಿದರೆ ಬಳಸಬೇಡಿ. ಎಷ್ಟೇ ಹಳೆಯದಾಗಲಿ ಹೊಸದಾಗಲಿ, ಒಡೆದಾಗ ಕೆಟ್ಟ ವಾಸನೆ ಬಂದರೆ ಎಸೆಯಿರಿ. ಅದರಲ್ಲಿ ಎರಡನೇ ಯೋಚನೆ ಬೇಡ.

ಒಲೆಗೆ ಇಡುವ ಮೊದಲು

ನಮ್ಮಲ್ಲಿ ಬಿಡಿಯಾಗಿ ಸಿಗುವ ಮೊಟ್ಟೆಗಳ ಮೇಲೆ ಹಿಕ್ಕೆ, ಹೊಟ್ಟು ಅಂಟಿಕೊಂಡಿರುವುದುಂಟು. ಬೇಯಿಸುವ ಮುಂಚೆ ನಲ್ಲಿ ನೀರಲ್ಲಿ ಉಜ್ಜಿ ತೊಳೆಯಿರಿ. ತಂದ ಕೂಡಲೇ ಎಲ್ಲವನ್ನೂ ತೊಳೆದು ಎತ್ತಿಡುವುದು ಮಾತ್ರ ಬೇಡ. ಮೊಟ್ಟೆಯ ಮೇಲೆ ಕೋಳಿಯಿಂದಲೇ ಬಂದ ಒಂದು ಸಹಜ ಲೇಪ ಇರುತ್ತದೆ, ತೊಳೆದರೆ ಅದು ಹೋಗಿ ಸೂಕ್ಷ್ಮಾಣುಗಳು ಒಳಗೆ ಇಳಿಯುವುದು ಸುಲಭವಾಗುತ್ತದೆ. ತೊಳೆದ ಮೇಲೆ ಕೈಯನ್ನೂ ಸೋಪು ಹಾಕಿ ತೊಳೆದುಕೊಳ್ಳಿ.

ಫ್ರಿಜ್ಜಿನಿಂದ ತೆಗೆದ ಮೊಟ್ಟೆಯನ್ನು ಕುದಿನೀರಿಗೆ ಹಾಕಿದರೆ ಒಡೆಯುವ ಸಾಧ್ಯತೆ ಜಾಸ್ತಿ. ಅರ್ಧ ಗಂಟೆ ಮೊದಲೇ ಹೊರಗಿಡಿ. ಮರೆತಿದ್ದರೆ, ನೀರು ಕಾಯುವವರೆಗೆ ಉಗುರುಬೆಚ್ಚಗಿನ ನೀರಲ್ಲಿ ಮುಳುಗಿಸಿಡಿ, ಸಾಕು. ಕೂದಲೆಳೆಯಷ್ಟು ಬಿರುಕಿರುವ ಮೊಟ್ಟೆಯನ್ನು ಬೇಯಿಸಲು ಆರಿಸಿಕೊಳ್ಳಬೇಡಿ. ಎರಡು ಮೊಟ್ಟೆಗಳನ್ನು ಮೆಲ್ಲಗೆ ಒಂದಕ್ಕೊಂದು ತಾಗಿಸಿ ಕೇಳಿ, ಬಿರುಕಿರುವುದು ಮಂದವಾದ ಸದ್ದು ಮಾಡುತ್ತದೆ.

ಕೆಲವರು ದಪ್ಪ ತುದಿಯಲ್ಲಿ ಸೂಜಿಯಿಂದ ಸಣ್ಣ ತೂತು ಮಾಡುತ್ತಾರೆ. ಒಳಗಿನ ಗಾಳಿ ಬಿಸಿಗೆ ಹಿಗ್ಗಿ ಹೊರಗೆ ಹೋಗಲು ದಾರಿ ಆಗುತ್ತದೆ, ಬೆಂದ ಮೊಟ್ಟೆಯ ತುದಿ ಗುಂಡಗೆ ಬರುತ್ತದೆ. ವಿದ್ಯುತ್ತಿನ ಮೊಟ್ಟೆ ಕುಕ್ಕರ್‌ಗಳ ಅಳತೆ ಲೋಟದ ತಳದಲ್ಲಿ ಸೂಜಿ ಇರುವುದು ಇದಕ್ಕೇ. ಮಾಡಿದರೆ ತಪ್ಪಿಲ್ಲ, ಮಾಡದಿದ್ದರೂ ನಷ್ಟವಿಲ್ಲ. ಒಂದಿಷ್ಟು ಮೊಟ್ಟೆ ಸಾರಿಗೆ ನಾನಂತೂ ಸೂಜಿ ಹುಡುಕುವುದಿಲ್ಲ.

ಕುದಿನೀರಿನ ವಿಧಾನ

ಮನೆಯಲ್ಲಿ ನಾಲ್ಕರಿಂದ ಆರು ಮೊಟ್ಟೆ ಬೇಯಿಸಲು ಇದೇ ಸರಿ.

1. ಆರು ಮೊಟ್ಟೆಗೆ ಸುಮಾರು 2 ಲೀಟರ್ ನೀರು ಹಿಡಿಸುವ ಅಗಲ ಪಾತ್ರೆ ತೆಗೆದುಕೊಳ್ಳಿ. ಮೊಟ್ಟೆಗಳು ಒಂದರ ಮೇಲೊಂದು ಕೂರದೆ ಒಂದೇ ಸಾಲಿನಲ್ಲಿ ಇರಬೇಕು. ನೀರು ಅವುಗಳ ಮೇಲೆ ಎರಡು ಬೆರಳಿನಷ್ಟು ನಿಲ್ಲಬೇಕು. ನೀರು ಕಡಿಮೆಯಾದರೆ ಮೊಟ್ಟೆ ಬಿದ್ದ ತಕ್ಷಣ ನೀರಿನ ಬಿಸಿ ಇಳಿದುಬಿಡುತ್ತದೆ, ಮತ್ತೆ ಕುದಿ ಬರಲು ಹೊತ್ತಾಗುತ್ತದೆ. ಆಗ ಕುದಿನೀರಿನ ಲಾಭವೇ ಹೋಯಿತಲ್ಲ.

2. ನೀರು ಕೊತಕೊತ ಕುದಿಯಲಿ. ಅಂಚಿನಲ್ಲಿ ಗುಳ್ಳೆ ಬಂದರೆ ಸಾಲದು.

3. ಜಾಲರಿ ಸೌಟಿನಲ್ಲಿ ಒಂದೊಂದೇ ಮೊಟ್ಟೆ ಇಟ್ಟು ತಳಕ್ಕೆ ತಾಗುವವರೆಗೆ ಇಳಿಸಿ, ಆಮೇಲೆ ಸೌಟು ಜಾರಿಸಿ. ಮೇಲಿಂದ ಬಿಡಬೇಡಿ. ಹೆಚ್ಚಿನವು ಒಡೆಯುವುದು ಈ ಒಂದು ಕ್ಷಣದಲ್ಲಿ.

4. ಅರ್ಧ ನಿಮಿಷ ದೊಡ್ಡ ಉರಿಯಲ್ಲೇ ಇರಲಿ. ಆಮೇಲೆ ಉರಿ ತಗ್ಗಿಸಿ. ನೀರು ಮೆಲ್ಲಗೆ ಗುಳುಗುಳು ಅನ್ನುತ್ತಿರಬೇಕು. ಉಕ್ಕುವ ನೀರಿನಲ್ಲಿ ಮೊಟ್ಟೆಗಳು ಒಂದಕ್ಕೊಂದು ಬಡಿದುಕೊಂಡು ಬಿರುಕು ಬಿಡುತ್ತವೆ.

5. ಮೊಟ್ಟೆ ಹಾಕಿದ ಕ್ಷಣದಿಂದಲೇ ಮೊಬೈಲಿನಲ್ಲಿ ಟೈಮರ್ ಇಡಿ. ಅಂದಾಜು ಮಾಡಬೇಡಿ.

6. ಹಳದಿ ನಡುವಿಗೆ ಬರಬೇಕೆಂದರೆ ಮೊದಲ ಎರಡು ನಿಮಿಷ ಸೌಟಿನಿಂದ ನೀರನ್ನು ಮೆಲ್ಲಗೆ ತಿರುವುತ್ತಿರಿ. ಸಾರಿಗೆ ಇದು ಬೇಕಿಲ್ಲ. ಅರ್ಧ ಸೀಳಿ ತಟ್ಟೆಯಲ್ಲಿ ಜೋಡಿಸುವುದಿದ್ದರೆ ಬೇಕು.

ಈಗ ಸಮಯ. 50ರಿಂದ 55 ಗ್ರಾಂ ತೂಗುವ, ಹೊರಗಿಟ್ಟಿದ್ದ ಫಾರಂ ಮೊಟ್ಟೆಗೆ ಲೆಕ್ಕ ಹೀಗೆ. 6ರಿಂದ 7 ನಿಮಿಷಕ್ಕೆ ಬಿಳಿ ಗಟ್ಟಿಯಾಗಿ ಹಳದಿ ಹರಿಯುವಂತೆ ಇರುತ್ತದೆ. 8ರಿಂದ 9 ನಿಮಿಷಕ್ಕೆ ಹಳದಿಯ ನಡುಭಾಗ ಮಾತ್ರ ಮೆತ್ತಗೆ, ಅಂಟಂಟಾಗಿ ಉಳಿಯುತ್ತದೆ. 10ರಿಂದ 11 ನಿಮಿಷಕ್ಕೆ ಪೂರ್ತಿ ಬೆಂದಿರುತ್ತದೆ. ಫ್ರಿಜ್ಜಿನಿಂದ ನೇರವಾಗಿ ಹಾಕಿದರೆ ಒಂದು ನಿಮಿಷ ಸೇರಿಸಿ. ನಾಟಿ ಮೊಟ್ಟೆ ಚಿಕ್ಕದು, ಒಂದು ನಿಮಿಷ ಕಳೆಯಿರಿ. ಬಾತುಕೋಳಿ ಮೊಟ್ಟೆ ದೊಡ್ಡದು, 13ರಿಂದ 14 ನಿಮಿಷ ಬೇಕು. ಗರ್ಭಿಣಿಯರು, ಚಿಕ್ಕ ಮಕ್ಕಳು, ವಯಸ್ಸಾದವರು ಇರುವ ಮನೆಯಲ್ಲಿ ಪೂರ್ತಿ ಬೆಂದದ್ದನ್ನೇ ಕೊಡಿ. ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಹಸಿ ಮೊಟ್ಟೆಯಲ್ಲಿ ಇರಬಹುದು, ಚೆನ್ನಾಗಿ ಬೇಯಿಸಿದರೆ ಸಾಯುತ್ತದೆ.

ಊರಿನ ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಸುಮಾರು 300 ಮೀಟರ್ ಮೇಲೆ ಹೋದಂತೆ ನೀರು ಕುದಿಯುವ ಬಿಸಿ 1 ಡಿಗ್ರಿ ಸೆಲ್ಸಿಯಸ್‌ನಷ್ಟು ಇಳಿಯುತ್ತದೆ. ಮಂಗಳೂರು, ಕಾರವಾರದಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಲ್ಲಿ 97ಕ್ಕೇ ಕುದಿ ಬರುತ್ತದೆ, ಮಡಿಕೇರಿಯಲ್ಲಿ ಅದಕ್ಕಿಂತ ತುಸು ಕಡಿಮೆಗೆ. ಅದಕ್ಕೇ ಕರಾವಳಿಯಲ್ಲಿ 10 ನಿಮಿಷ ಸಾಕಾಗುವ ಮೊಟ್ಟೆಗೆ ಬೆಂಗಳೂರಲ್ಲಿ 11 ಕೊಡಿ. ಲಡಾಖ್ ಪ್ರವಾಸಕ್ಕೆ ಹೋಗಿ ಸುಮಾರು 3,500 ಮೀಟರ್ ಎತ್ತರದ ಲೇಹ್‌ನಲ್ಲಿ ಮೊಟ್ಟೆ ಬೇಯಿಸುವವರು ಇನ್ನೂ ಮೂರ್ನಾಲ್ಕು ನಿಮಿಷ ಸೇರಿಸಿಕೊಳ್ಳಬೇಕು. ಅಲ್ಲಿ ನೀರು 90 ಡಿಗ್ರಿ ಮುಟ್ಟುವ ಮೊದಲೇ ಕುದಿಯುತ್ತದೆ.

ಇಡ್ಲಿ ಪಾತ್ರೆಯಲ್ಲಿ ಹಬೆ

ಜಾಸ್ತಿ ಮೊಟ್ಟೆ ಇದ್ದಾಗ, ಮೊಟ್ಟೆ ತೀರಾ ಹೊಸದಿದ್ದಾಗ ನನಗೆ ಇದೇ ಇಷ್ಟ. ಕುದಿನೀರಿಗೆ ಹತ್ತು ಮೊಟ್ಟೆ ಹಾಕಿದರೆ ನೀರು ತಣ್ಣಗಾಗುತ್ತದೆ. ಹಬೆಗೆ ಆ ತೊಂದರೆ ಕಡಿಮೆ. ತಳದಲ್ಲಿರುವ ನೀರು ಕುದಿಯುತ್ತಲೇ ಇರುತ್ತದೆ, ಮೊಟ್ಟೆಗೆ ಮೊದಲ ಕ್ಷಣದಿಂದಲೇ ಜೋರು ಬಿಸಿ ತಾಗುತ್ತದೆ. ನೀರೂ ಗ್ಯಾಸೂ ಕಡಿಮೆ ಸಾಕು.

ಇಡ್ಲಿ ಪಾತ್ರೆಯ ತಳಕ್ಕೆ ಎರಡು ಬೆರಳು ನೀರು ಹಾಕಿ ಕುದಿಸಿ. ಹಬೆ ಜೋರಾಗಿ ಬರಲು ಶುರುವಾದ ಮೇಲೆ ಒಂದು ಇಡ್ಲಿ ತಟ್ಟೆಯ ಗುಳಿಗೊಂದರಂತೆ ಮೊಟ್ಟೆ ಕೂರಿಸಿ ಒಳಗಿಡಿ. ಗುಳಿಯಲ್ಲಿ ಮೊಟ್ಟೆ ಅಲ್ಲಾಡದೆ ಕೂರುವುದರಿಂದ ಒಂದಕ್ಕೊಂದು ಬಡಿಯುವ ಪ್ರಶ್ನೆಯೇ ಇಲ್ಲ. ತಟ್ಟೆ ಇಡುವಾಗ ಹಬೆ ಕೈಗೆ ಹೊಡೆಯುತ್ತದೆ, ಉರಿ ಸಣ್ಣ ಮಾಡಿ ಬಟ್ಟೆ ಹಿಡಿದು ಇಡಿ. ಎರಡು ತಟ್ಟೆ ಒಂದರ ಮೇಲೊಂದು ಇಡುವುದಾದರೆ ಮಧ್ಯೆ ಮೊಟ್ಟೆಯ ಎತ್ತರಕ್ಕೆ ಜಾಗ ಇದೆಯೇ ಎಂದು ಮೊದಲೇ ನೋಡಿಕೊಳ್ಳಿ. ಮುಚ್ಚಳ ಮುಚ್ಚಿ 12 ನಿಮಿಷ ಬಿಡಿ. ಮಧ್ಯೆ ತೆರೆದು ನೋಡಿದರೆ ಹಬೆ ಹೋಗಿ ಲೆಕ್ಕ ತಪ್ಪುತ್ತದೆ. ಇಡ್ಲಿ ಪಾತ್ರೆ ಇಲ್ಲದವರು ಅಗಲ ಪಾತ್ರೆಯಲ್ಲಿ ತೂತಿನ ತಟ್ಟೆಯನ್ನು ಸ್ಟ್ಯಾಂಡ್ ಮೇಲಿಟ್ಟು ಹೀಗೇ ಮಾಡಬಹುದು.

ವಿದ್ಯುತ್ತಿನ ಮೊಟ್ಟೆ ಕುಕ್ಕರ್ ಕೂಡ ಹಬೆಯ ಯಂತ್ರವೇ. ಅದರಲ್ಲಿ ಮೊಟ್ಟೆ ಹೆಚ್ಚಾದಷ್ಟೂ ನೀರು ಕಡಿಮೆ ಹಾಕಬೇಕು. ತಣ್ಣನೆಯ ಸಿಪ್ಪೆಗಳ ಮೇಲೆ ಹಬೆ ನೀರಾಗಿ ಮತ್ತೆ ತಳಕ್ಕೆ ಇಳಿಯುತ್ತದೆ, ಹಾಗಾಗಿ ನೀರು ಬೇಗ ಆರುವುದಿಲ್ಲ. ಅಳತೆ ಲೋಟದ ಗೆರೆಗಳನ್ನು ನಂಬಿ ನಡೆಯಿರಿ.

ಪ್ರೆಶರ್ ಕುಕ್ಕರ್‌ನಲ್ಲಿ

ಬೆಳಗಿನ ಅವಸರದಲ್ಲಿ ಕುಕ್ಕರ್ ಇಡುವವರೇ ಹೆಚ್ಚು. ಸಿಪ್ಪೆಯೂ ಚೆನ್ನಾಗಿಯೇ ಬಿಡುತ್ತದೆ. ತೊಂದರೆ ಇರುವುದು ಅತಿಯಾಗಿ ಬೇಯುವುದರಲ್ಲಿ. ಮೂರು ನಾಲ್ಕು ಸೀಟಿ ಕೂಗಿಸಿ, ಪ್ರೆಶರ್ ತಾನಾಗಿ ಇಳಿಯಲಿ ಎಂದು ಬಿಟ್ಟರೆ ಬಿಳಿ ರಬ್ಬರಿನಂತಾಗುತ್ತದೆ, ಹಳದಿ ಪುಡಿಪುಡಿ.

ಕುಕ್ಕರ್‌ಗೆ ಎರಡು ಲೋಟ ನೀರು ಹಾಕಿ ಮೊದಲು ಕುದಿಸಿ. ತೂತಿನ ತಟ್ಟೆ ಇಟ್ಟು ಅದರ ಮೇಲೆ ಮೊಟ್ಟೆ ಜೋಡಿಸಿ. ಮುಚ್ಚಿ, ವೇಟ್ ಹಾಕಿ, ಮಧ್ಯಮ ಉರಿಯಲ್ಲಿ ಒಂದೇ ಸೀಟಿ. ಒಲೆ ಆರಿಸಿ 5 ನಿಮಿಷ ಬಿಡಿ. ಆಮೇಲೂ ಪ್ರೆಶರ್ ಉಳಿದಿದ್ದರೆ ಸೌಟಿನ ಹಿಡಿಯಿಂದ ವೇಟ್ ಅನ್ನು ತುಸುತುಸುವೇ ಎತ್ತಿ ಹಬೆ ಬಿಡಿ, ಮುಖ ದೂರ ಇರಲಿ. ಸದ್ದು ಪೂರ್ತಿ ನಿಲ್ಲುವವರೆಗೆ ಮುಚ್ಚಳಕ್ಕೆ ಕೈ ಹಾಕಬೇಡಿ. ಒಮ್ಮೆಲೇ ಹಬೆ ಬಿಟ್ಟರೆ ಕೆಲವು ಮೊಟ್ಟೆ ಒಡೆಯಬಹುದು. 3 ಲೀಟರ್ ಕುಕ್ಕರ್‌ಗೂ 5 ಲೀಟರ್ ಕುಕ್ಕರ್‌ಗೂ ಸೀಟಿ ಬರುವ ಹೊತ್ತು ಬೇರೆ. ಮೊದಲ ಸಲ ಒಂದು ಮೊಟ್ಟೆ ಸೀಳಿ ನೋಡಿ, ನಿಮ್ಮ ಕುಕ್ಕರ್‌ಗೆ ನಿಮಿಷ ಹೆಚ್ಚು ಕಡಿಮೆ ಮಾಡಿಕೊಳ್ಳಿ.

ಅನ್ನದ ಜೊತೆ ಒಂದೇ ಕುಕ್ಕರ್‌ನಲ್ಲಿ ಮೊಟ್ಟೆ ಇಡುವುದು ಬೇಡ. ಅನ್ನಕ್ಕೆ ಬೇಕಾದ ಸಮಯ ಮೊಟ್ಟೆಗೆ ಜಾಸ್ತಿಯಾಗುತ್ತದೆ.

ತಣಿಸುವುದು

ಟೈಮರ್ ಹೊಡೆದ ತಕ್ಷಣ ಮೊಟ್ಟೆಗಳನ್ನು ತಣ್ಣೀರಿಗೆ ಹಾಕಿ. ಬಿಸಿನೀರು ಚೆಲ್ಲಿದರೂ ಮೊಟ್ಟೆಯ ಒಳಗಿನ ಬಿಸಿ ಹಾಗೇ ಇರುತ್ತದೆ, ಅದು ಬೇಯುತ್ತಲೇ ಇರುತ್ತದೆ. ತಣಿಸುವ ಮುಖ್ಯ ಉದ್ದೇಶ ಆ ಬೇಯುವುದನ್ನು ನಿಲ್ಲಿಸುವುದು. ಬಿಳಿ ಗಟ್ಟಿಯಾಗಿ ಕೈಗೆ ನಿಲ್ಲುವುದು, ಬೆರಳು ಸುಡದೆ ಸುಲಿಯುವುದು ಇವೆಲ್ಲ ಜೊತೆಗೆ ಸಿಗುವ ಲಾಭ.

ಮಳೆಗಾಲದಲ್ಲೋ ಚಳಿಗಾಲದಲ್ಲೋ ನಲ್ಲಿ ನೀರು ಸಾಕು, ಎರಡು ಸಲ ಬದಲಿಸಿ. ಬೇಸಿಗೆಯ ಮಧ್ಯಾಹ್ನ ತಾರಸಿ ಮೇಲಿನ ಟ್ಯಾಂಕಿನಿಂದ ಬರುವ ನೀರು ಮಾತ್ರ ಪ್ರಯೋಜನವಿಲ್ಲ. ರಾಯಚೂರು, ಕಲಬುರಗಿ ಕಡೆಯವರಿಗೆ ಇದನ್ನು ಹೇಳಬೇಕಾಗಿಲ್ಲ, ಅಲ್ಲಿ ಏಪ್ರಿಲ್‌ನಲ್ಲಿ ನಲ್ಲಿ ತಿರುಗಿಸಿದರೆ ಬಿಸಿನೀರೇ ಬರುತ್ತದೆ. ಆಗ ಐಸ್ ಹಾಕಿದ ನೀರು ಬೇಕು. ಐಸ್ ಇಲ್ಲದಿದ್ದರೆ ಮಣ್ಣಿನ ಗಡಿಗೆಯ ನೀರು ಚೆನ್ನಾಗಿ ಕೆಲಸ ಮಾಡುತ್ತದೆ. ಹತ್ತು ನಿಮಿಷ ಮುಳುಗಿರಲಿ. ಬಿಸಿಬಿಸಿ ತಿನ್ನಬೇಕು ಅನ್ನುವವರು ಒಂದೆರಡು ನಿಮಿಷಕ್ಕೇ ತೆಗೆದು ಸುಲಿಯಬಹುದು.

ಸುಲಿಯುವ ಕ್ರಮ

ಮೊಟ್ಟೆಯ ದಪ್ಪ ತುದಿಯನ್ನು ಅಡುಗೆ ಕಟ್ಟೆಯ ಮೇಲೆ ಟಕ್ ಎಂದು ಕುಟ್ಟಿ. ಪಾತ್ರೆಯ ಅಂಚಿಗೆ ಹೊಡೆಯಬೇಡಿ. ಅಂಚು ಸಿಪ್ಪೆಯ ಚೂರುಗಳನ್ನು ಬಿಳಿಯೊಳಗೆ ಒತ್ತುತ್ತದೆ, ಚಪ್ಪಟೆ ಜಾಗ ಹಾಗೆ ಮಾಡುವುದಿಲ್ಲ. ಆಮೇಲೆ ಮೊಟ್ಟೆಯನ್ನು ಅಡ್ಡ ಮಲಗಿಸಿ, ಅಂಗೈಯನ್ನು ಹಗುರವಾಗಿ ಇಟ್ಟು ಹಿಂದೆ ಮುಂದೆ ಉರುಳಿಸಿ. ಚಪಾತಿ ಉಂಡೆಯನ್ನು ಉರುಳಿಸುವಷ್ಟೇ ಹಗುರ ಒತ್ತಡ. ಸಿಪ್ಪೆಯ ತುಂಬ ಸಣ್ಣ ಸಣ್ಣ ಬಿರುಕು ಬರಬೇಕು. ದೊಡ್ಡ ಚೂರುಗಳಾದರೆ ಅವುಗಳ ಮೂಲೆಗಳು ಬಿಳಿಯನ್ನು ಕೊರೆಯುತ್ತವೆ. ಚೂರು ಸಣ್ಣದಾದಷ್ಟೂ ಸಿಪ್ಪೆ ಬಟ್ಟೆಯಂತೆ ಬಾಗುತ್ತದೆ.

ಈಗ ಒಂದು ಬಟ್ಟಲು ನೀರು ಇಟ್ಟುಕೊಂಡು ಮೊಟ್ಟೆಯನ್ನು ಅದರೊಳಗೇ ಹಿಡಿದು ಸುಲಿಯಿರಿ. ಬಿರುಕುಗಳಿಂದ ನೀರು ಒಳಗೆ ಇಳಿದು ಪೊರೆಯನ್ನು ಎತ್ತಿಕೊಡುತ್ತದೆ. ಹರಿಯುವ ನಲ್ಲಿಯ ಕೆಳಗೂ ಇದೇ ಕೆಲಸ ಆಗುತ್ತದೆ, ಆದರೆ ಆರು ಮೊಟ್ಟೆಗೆ ಎಷ್ಟು ನೀರು ಸುಮ್ನೆ ಹೋಗುತ್ತದೆ ನೋಡಿ. ಬಟ್ಟಲೇ ಒಳ್ಳೆಯದು. ಸಿಪ್ಪೆಯ ಚೂರುಗಳೂ ಸಿಂಕಿಗೆ ಹೋಗದೆ ಬಟ್ಟಲಲ್ಲೇ ಉಳಿಯುತ್ತವೆ.

ಶುರು ಮಾಡುವುದು ಯಾವಾಗಲೂ ದಪ್ಪ ತುದಿಯಿಂದ, ಗಾಳಿಯ ಜಾಗದಿಂದ. ಅಲ್ಲಿ ಸಿಪ್ಪೆಯ ಚೂರು ತೆಗೆದರೆ ಒಳಗೆ ತೆಳ್ಳಗಿನ ಬಿಳಿ ಪೊರೆ ಕಾಣುತ್ತದೆ. ಆ ಪೊರೆಯನ್ನು ಚಿವುಟಿ ಹರಿಯಿರಿ. ಇಲ್ಲಿಂದ ಮುಂದೆ ನೀವು ಸಿಪ್ಪೆಯನ್ನಲ್ಲ, ಪೊರೆಯನ್ನು ಸುಲಿಯುತ್ತಿದ್ದೀರಿ ಎಂದು ನೆನಪಿಡಿ. ಹೆಬ್ಬೆರಳ ಮೃದು ಭಾಗವನ್ನು ಪೊರೆಗೂ ಬಿಳಿಗೂ ನಡುವೆ ತೂರಿಸಿ ಪಕ್ಕಕ್ಕೆ ತಳ್ಳುತ್ತಾ ಹೋಗಿ. ಉಗುರು ಬೇಡ. ಮೇಲಕ್ಕೆ ಎಳೆಯುವುದೂ ಬೇಡ. ಪೊರೆ ಕೈಗೆ ಸಿಕ್ಕಿದ್ದರೆ ಸಿಪ್ಪೆಯೆಲ್ಲ ಅದಕ್ಕೆ ಅಂಟಿಕೊಂಡು ಉದ್ದ ಪಟ್ಟಿಯಾಗಿ ಸುತ್ತಿ ಬರುತ್ತದೆ. ಬರೀ ಚೂರುಗಳು ಉದುರಿ ಪೊರೆ ಮೊಟ್ಟೆಯ ಮೇಲೇ ಉಳಿಯುತ್ತಿದ್ದರೆ ನಿಲ್ಲಿಸಿ, ಪೊರೆಯ ಅಂಚನ್ನು ಮತ್ತೆ ಹುಡುಕಿ.

ಚಮಚವೂ ಒಳ್ಳೆಯ ಸಾಧನ. ದಪ್ಪ ತುದಿಯಲ್ಲಿ ಸ್ವಲ್ಪ ಸಿಪ್ಪೆ ಬಿಡಿಸಿ, ಟೀ ಚಮಚವನ್ನು ನೀರಲ್ಲಿ ಅದ್ದಿ ಪೊರೆಯ ಕೆಳಗೆ ತೂರಿಸಿ. ಚಮಚದ ಗುಳಿ ಮೊಟ್ಟೆಯ ಕಡೆಗೇ ಇರಲಿ. ಹಾಗೆಯೇ ಮೊಟ್ಟೆಯ ಮೈಯನ್ನು ತಾಗಿಸಿಕೊಂಡು ಸುತ್ತ ಆಡಿಸಿ. ಹಳದಿ ಮೆತ್ತಗಿರುವ ಮೊಟ್ಟೆಗೆ ಮಾತ್ರ ಚಮಚ ಬೇಡ, ಬೆರಳೇ ಸರಿ. ಅದು ಒತ್ತಿದರೆ ಸೀಳುತ್ತದೆ.

ಇಷ್ಟಾದರೂ ಅಂಟಿಕೊಂಡಿದೆಯೇ? ಬಿರುಕು ಬಿಡಿಸಿದ ಮೊಟ್ಟೆಯನ್ನು ಹಾಗೆಯೇ ತಣ್ಣೀರಲ್ಲಿ ಹತ್ತು ನಿಮಿಷ ಬಿಡಿ, ನೀರು ಒಳಗೆ ಇಳಿಯಲಿ. ಅದಕ್ಕೂ ಬಗ್ಗದಿದ್ದರೆ ಸಿಪ್ಪೆ ಸಮೇತ ಚಾಕುವಿನಿಂದ ಅರ್ಧ ಸೀಳಿ, ಚಮಚದಲ್ಲಿ ತೋಡಿ ತೆಗೆಯಿರಿ. ಸಿಪ್ಪೆ ಚೂರು ಉಳಿದಿದೆಯೇ ಎಂದು ಬೆರಳಾಡಿಸಿ ನೋಡಿ. ರೂಪ ಕೆಟ್ಟರೂ ರುಚಿಗೇನೂ ಕೊರತೆಯಿಲ್ಲ. ಹೆಚ್ಚಿ, ಈರುಳ್ಳಿ ಹಸಿಮೆಣಸಿನಕಾಯಿ ಹುರಿದು ಪಲ್ಯ ಮಾಡಿ.

ಒಂದೇ ಸಲಕ್ಕೆ ಬಹಳ ಸುಲಿಯಬೇಕಿದ್ದರೆ ಡಬ್ಬಿಯ ಉಪಾಯ ಇದೆ. ಮುಚ್ಚಳ ಬಿಗಿಯಾಗಿ ಕೂರುವ ಸ್ಟೀಲ್ ಡಬ್ಬಿಗೆ ನಾಲ್ಕು ಮೊಟ್ಟೆ, ಎರಡು ಬೆರಳು ನೀರು ಹಾಕಿ ಹತ್ತು ಸೆಕೆಂಡ್ ಪಕ್ಕದಿಂದ ಪಕ್ಕಕ್ಕೆ ಅಲುಗಿಸಿ. ಸಿಪ್ಪೆ ಪೂರ್ತಿ ನುಚ್ಚಾಗಿರುತ್ತದೆ, ಬೆರಳು ತಾಗಿಸಿದರೆ ಜಾರುತ್ತದೆ. ಗಟ್ಟಿ ಬೆಂದ ಮೊಟ್ಟೆಗೆ ಮಾತ್ರ ಇದು. ನಮ್ಮ ಸರ್ಕಾರಿ ಶಾಲೆಗಳ ಬಿಸಿಯೂಟದಲ್ಲಿ ಮಕ್ಕಳಿಗೆ ಬೇಯಿಸಿದ ಮೊಟ್ಟೆ ಕೊಡುತ್ತಾರಲ್ಲ, ಅಲ್ಲಿ ಅಡುಗೆಯ ಹೆಂಗಸರು ದೊಡ್ಡ ಶಾಲೆಗಳಲ್ಲಿ ನೂರಾರು ಮೊಟ್ಟೆ ಸುಲಿಯಬೇಕು. ಯೋಜನೆಯ ಲೆಕ್ಕದಲ್ಲೇ ಸುಲಿಯುವ ಕೆಲಸಕ್ಕೆ ಮೊಟ್ಟೆಗೆ ಇಷ್ಟು ಪೈಸೆ ಎಂದು ಬೇರೆಯಾಗಿ ತೋರಿಸಿದ್ದಾರೆ. ಅದು ಎಷ್ಟು ಕೆಲಸ ಎಂದು ಮನೆಯಲ್ಲಿ ಒಂದು ಟ್ರೇ ಸುಲಿದವರಿಗೆ ಗೊತ್ತಾಗುತ್ತದೆ.

ಉಪ್ಪು, ವಿನಿಗರ್, ಸೋಡಾ

ಉಪ್ಪು ಹಾಕಿದರೆ ಸಿಪ್ಪೆ ಸುಲಭವಾಗಿ ಬಿಡುತ್ತದೆ ಅಂತೇನೂ ಇಲ್ಲ. ಆದರೆ ಮೊಟ್ಟೆ ಬಿರುಕು ಬಿಟ್ಟರೆ ಹೊರಬಂದ ಬಿಳಿ ಬೇಗ ಹೆಪ್ಪುಗಟ್ಟಿ ಬಿರುಕನ್ನು ಮುಚ್ಚಲು ಉಪ್ಪು ನೆರವಾಗುತ್ತದೆ. ಹಾಗಾಗಿ ಒಂದು ಚಮಚ ಹಾಕುವುದಿದ್ದರೆ ಹಾಕಿ. ವಿನಿಗರ್ ಕೂಡ ಬಿರುಕಿಗೆ ಇದೇ ರೀತಿ ಸಹಾಯ. ಜೊತೆಗೆ ಸಿಪ್ಪೆಯ ಹೊರಮೈಯನ್ನು ಸ್ವಲ್ಪ ಕರಗಿಸುತ್ತದೆ, ಪೊರೆಯ ಹಿಡಿತಕ್ಕೆ ಏನೂ ಮಾಡುವುದಿಲ್ಲ. ಅಡುಗೆ ಸೋಡಾದ ಹಿಂದಿನ ಯೋಚನೆ ಪಿಎಚ್ ಏರಿಸುವುದು. ಯೋಚನೆ ಸರಿಯೇ, ಆದರೆ ಹತ್ತು ನಿಮಿಷದಲ್ಲಿ ಸಿಪ್ಪೆ ದಾಟಿ ಒಳಗೆ ಹೋಗಿ ಆ ಕೆಲಸ ಮಾಡುವಷ್ಟು ಸಮಯ ಅದಕ್ಕಿಲ್ಲ. ಸೋಡಾ ಜಾಸ್ತಿಯಾದರೆ ಗಂಧಕದ ವಾಸನೆ ಹೆಚ್ಚುತ್ತದೆ. ನಾನು ಇದನ್ನು ಯಾರಿಗೂ ಹೇಳುವುದಿಲ್ಲ.

ಹಳದಿಯ ಸುತ್ತ ಹಸಿರು

ಹಳದಿಯ ಅಂಚಿನಲ್ಲಿ ಬೂದು ಹಸಿರು ಉಂಗುರ ಕಂಡರೆ ಮೊಟ್ಟೆ ಕೆಟ್ಟಿದೆ ಎಂದು ಎಸೆಯುವವರಿದ್ದಾರೆ. ಎಸೆಯಬೇಡಿ. ಜಾಸ್ತಿ ಹೊತ್ತು ಬೆಂದಾಗ ಬಿಳಿಯಿಂದ ಹೈಡ್ರೋಜನ್ ಸಲ್ಫೈಡ್ ಅನಿಲ ಬಿಡುಗಡೆಯಾಗುತ್ತದೆ. ಅದು ಹಳದಿಯಲ್ಲಿರುವ ಕಬ್ಬಿಣದ ಜೊತೆ ಸೇರಿ ಫೆರಸ್ ಸಲ್ಫೈಡ್ ಆಗುತ್ತದೆ. ಬಣ್ಣ ಅದರದ್ದು. ಆರೋಗ್ಯಕ್ಕೆ ತೊಂದರೆ ಇಲ್ಲ, ಕೊಂಚ ವಾಸನೆ ಇರುತ್ತದೆ ಅಷ್ಟೇ. ಮುಂದಿನ ಸಲ ಎರಡು ನಿಮಿಷ ಕಡಿಮೆ ಬೇಯಿಸಿ, ತಕ್ಷಣ ತಣಿಸಿ. ಸಾರಿನಲ್ಲಿ ಕುದಿಸುವ ಮೊಟ್ಟೆಯನ್ನು ಒಂದು ನಿಮಿಷ ಮೊದಲೇ ತೆಗೆದರೆ ಒಳ್ಳೆಯದು, ಉಳಿದದ್ದು ಸಾರಿನಲ್ಲಿ ಬೇಯುತ್ತದೆ.

ಸಾರಿಗೆ, ಬೋಂಡಾಕ್ಕೆ, ಡಬ್ಬಿಗೆ

ಮೊಟ್ಟೆ ಸಾರಿಗೆ ಹಾಕುವ ಮುನ್ನ ಬಿಳಿಯ ಮೇಲೆ ಉದ್ದಕ್ಕೆ ಮೂರ್ನಾಲ್ಕು ಗೀರು ಎಳೆಯಿರಿ. ಹಳದಿ ಮುಟ್ಟುವಷ್ಟು ಆಳ ಬೇಡ. ಮಸಾಲೆ ಒಳಗಿಳಿಯುತ್ತದೆ. ಅರಿಶಿನ, ಖಾರದ ಪುಡಿ ಸವರಿ ಎಣ್ಣೆಯಲ್ಲಿ ಹುರಿಯುವುದಾದರೆ ಗೀರು ಇನ್ನೂ ಮುಖ್ಯ. ಗೀರಿಲ್ಲದ ಮೊಟ್ಟೆಯೊಳಗೆ ಹಬೆ ಸೇರಿ ಎಣ್ಣೆ ಸಿಡಿಸುತ್ತದೆ. ಹುರಿಯುವ ಮೊದಲು ಬಟ್ಟೆಯಲ್ಲಿ ಒರೆಸಿ. ಬೋಂಡಾಕ್ಕೂ ಹಾಗೇ, ಮೊಟ್ಟೆ ಒದ್ದೆಯಿದ್ದರೆ ಕಡಲೆಹಿಟ್ಟು ಜಾರುತ್ತದೆ. ಒರೆಸಿ, ಒಣ ಹಿಟ್ಟು ಸ್ವಲ್ಪ ಸವರಿ, ಆಮೇಲೆ ಹಿಟ್ಟಿನಲ್ಲಿ ಅದ್ದಿ.

ಬೆಂದ ಇಡೀ ಮೊಟ್ಟೆಯನ್ನು ಮೈಕ್ರೋವೇವ್‌ನಲ್ಲಿ ಬಿಸಿ ಮಾಡಲೇಬೇಡಿ. ಸಿಪ್ಪೆ ಇರಲಿ, ಸುಲಿದಿರಲಿ, ಒಳಗೆ ಹಬೆ ಕಟ್ಟಿಕೊಂಡು ಸಿಡಿಯುತ್ತದೆ. ಕೆಲವೊಮ್ಮೆ ಒಲೆಯೊಳಗೆ ಸುಮ್ಮನಿದ್ದು, ಕಚ್ಚಿದಾಗ ಬಾಯಲ್ಲಿ ಸಿಡಿಯುತ್ತದೆ. ಬಿಸಿ ಬೇಕಿದ್ದರೆ ಬಿಸಿನೀರಲ್ಲಿ ಐದು ನಿಮಿಷ ಇಡಿ, ಅಥವಾ ಕತ್ತರಿಸಿ ಬಾಣಲೆಯಲ್ಲಿ ಬಿಸಿ ಮಾಡಿ.

ಬೆಂದ ಮೊಟ್ಟೆ ಹಸಿ ಮೊಟ್ಟೆಗಿಂತ ಬೇಗ ಕೆಡುತ್ತದೆ. ಎರಡು ಗಂಟೆಗಿಂತ ಹೆಚ್ಚು ಹೊರಗೆ ಇಡಬೇಡಿ. ಮಕ್ಕಳ ಡಬ್ಬಿಗೆ ಹಾಕುವುದಾದರೆ ಪೂರ್ತಿ ಬೆಂದದ್ದನ್ನು ಚೆನ್ನಾಗಿ ತಣಿಸಿ ಹಾಕಿ, ಬೆಳಗಿನ ಬಿಡುವಿನಲ್ಲೇ ತಿನ್ನಲು ಹೇಳಿ. ಫ್ರಿಜ್ಜಿನಲ್ಲಿ ಸಿಪ್ಪೆ ಸಮೇತ ಒಂದು ವಾರ ಇರುತ್ತದೆ. ಸುಲಿದ ಮೇಲೆ ಮುಚ್ಚಿದ ಡಬ್ಬಿಯಲ್ಲಿಟ್ಟು ಒಂದೆರಡು ದಿನದಲ್ಲಿ ಮುಗಿಸಿ, ಇಲ್ಲದಿದ್ದರೆ ಒಣಗಿ ಫ್ರಿಜ್ಜಿನ ವಾಸನೆಯನ್ನೆಲ್ಲ ಹೀರಿಕೊಳ್ಳುತ್ತದೆ.

ಸಿಪ್ಪೆ ಸಮೇತ ಇಡುವಾಗ ಮೇಲೆ ಪೆನ್ಸಿಲ್‌ನಲ್ಲಿ ತಾರೀಖು ಬರೆದಿಡಿ. ಬರೆಯದೆ ಹಸಿಯದರ ಜೊತೆ ಸೇರಿಹೋಗಿದ್ದರೆ ಕಟ್ಟೆಯ ಮೇಲೆ ಬುಗುರಿಯ ಹಾಗೆ ತಿರುಗಿಸಿ, ಬೆರಳಿನಿಂದ ಒಂದು ಕ್ಷಣ ತಡೆದು ಬಿಡಿ. ಬೆಂದದ್ದು ಸಲೀಸಾಗಿ ತಿರುಗಿ, ತಡೆದ ಕೂಡಲೇ ನಿಲ್ಲುತ್ತದೆ. ಹಸಿಯದು ಓಲಾಡುತ್ತಾ ತಿರುಗುತ್ತದೆ, ಬೆರಳು ತೆಗೆದ ಮೇಲೂ ಒಳಗಿನ ದ್ರವದ ಓಟಕ್ಕೆ ಮತ್ತೆ ಸ್ವಲ್ಪ ತಿರುಗುತ್ತದೆ.